ಎಡಕ್ಕೆ ಓಡುವ ಕುದುರೆ

ಮಾವಾರ ಪಾದಕ್ಕೆ ಸೊಸೆ ಶರಣಮ್ಮನ ಶರಣು.

ಇವತ್ತು ಶ್ರಾವಣದ ಸೋಮವಾರ, ನನಗೆ ಒಪ್ಪತ್ತು. ನಸುಕಿನಲ್ಲೇ ಎದ್ದು ಅಂಗಳ ಸಾರಿಸಿದೆ, ಹೊಸ್ತಿಲು ತೊಳೆದು ಅರಿಶಿನ ಹಚ್ಚಿದೆ, ನಳಕ್ಕೆ ನೀರು ಬಂದಿದ್ದರಿಂದ ಹಂಡೆ, ಕೊಡ ಎಲ್ಲ ತುಂಬಿಸಿದೆ. ನಿಮ್ಮ ಮಗ ಮೊದಲ ಬಸ್ಸಿಗೆ ಹಟ್ಟಿಗೆ ಹೋದರು, ಗಣಿಯಲ್ಲಿ ಬೆಳಗಿನ ಪಾಳಿ. ಡಬ್ಬಿಗೆ ರೊಟ್ಟಿ, ಪುಂಡಿಪಲ್ಯ ಕಟ್ಟಿಕೊಟ್ಟೆ. ನೆಲದೊಳಗೆ ಇಳಿಯುವವರು ಹಸಿದ ಹೊಟ್ಟೆಯಲ್ಲಿ ಇಳಿಯಬಾರದು ಎಂದು ನೀವು ಹೇಳಿದ ಮೇಲೆ ಅವರಿಗೆ ಒಪ್ಪತ್ತು ಇಲ್ಲ. ಅವರ ಪಾಲಿನದನ್ನೂ ನಾನೇ ಹಿಡಿಯುತ್ತೇನೆ. ಜಗಲಿಯ ಲಿಂಗಕ್ಕೆ ನೀರೆರೆದು, ಬಿಲ್ವ ಏರಿಸಿ, ನಿಮ್ಮ ಫೋಟೋಕ್ಕೂ ಒಂದು ಎಸಳು ಇಟ್ಟು, ಈಗ ಕುಲುಮೆಯ ಕೋಣೆಯ ಬಾಗಿಲಲ್ಲಿ ಕೂತು ಬರೆಯುತ್ತಿದ್ದೇನೆ.

ನೀವು ಹೋದ ಮೇಲೂ ನಿಮ್ಮನ್ನು ಒಂದು ಮಾತು ಕೇಳದೆ ನಾನು ಎರಕ ಹೊಯ್ದದ್ದಿಲ್ಲ. ಗಂಟೆಯಾಗಲಿ, ದೀಪದ ಸಮೆಯಾಗಲಿ, ದೇವರ ಮುಖವಾಗಲಿ, ಲೋಹ ಕರಗಿಸುವ ಮೂಸೆಯನ್ನು ಬೆಂಕಿಗಿಡುವ ಮುಂಚೆ ಮನಸ್ಸಿನಲ್ಲೇ ನಿಮ್ಮ ಅಪ್ಪಣೆ ಬೇಡುತ್ತಿದ್ದೆ. ಈ ಸಲ ಹಾಗೆ ಬೇಡಲು ಬಾಯಿ ಬರಲಿಲ್ಲ. ಯಾಕೆಂದರೆ ಇದು ನೀವು ಬದುಕಿದ್ದಾಗ ಬೇಡ ಎಂದ ಕೆಲಸ. ಲಿಂಗಸುಗೂರಿನ ಸಾವ್ಕಾರರ ಅಮೆರಿಕದ ಕಾರು ನೆನಪಿದೆಯಲ್ಲ? ಅದರ ಮೂತಿಗೆ ಎಡಕ್ಕೆ ಓಡುವ ಕುದುರೆ ಮಾಡಿಕೊಡಬೇಕೆಂದು ಈಗ ನನ್ನನ್ನು ಕೇಳಿದ್ದಾರೆ. ಮಾಡಲೋ, ಬಿಡಲೋ ಎಂದು ಇಷ್ಟು ದಿನ ಒದ್ದಾಡಿದೆ. ಇಂಥದ್ದನ್ನು ಮನಸ್ಸಿನಲ್ಲಿ ಗೊಣಗಿದರೆ ನಡೆಯುವುದಿಲ್ಲ, ಬರೆದೇ ಹೇಳಬೇಕು ಅನಿಸಿತು.

ಆ ಕಾರು ಮಸ್ಕಿಯ ನಮ್ಮ ಓಣಿಗೆ ಬಂದ ದಿನ ನಾನು ಈ ಮನೆಗೆ ಇನ್ನೂ ಹೊಸಬಳು. ಸೆರಗು ಹೊದ್ದು ಬಾಗಿಲ ಮರೆಯಿಂದ ನೋಡಿದೆ. ಎರಡೇ ಬಾಗಿಲು, ಮುಂದಿನ ಮೂತಿ ಉದ್ದ, ಹಿಂಭಾಗ ಗಿಡ್ಡ. ಜಿಗಿಯುವ ಮುಂಚೆ ಹಿಂಗಾಲು ಮಡಚಿ ಕೂತ ಪ್ರಾಣಿಯ ಹಾಗೆ ಕಾಣುತ್ತಿತ್ತು. ನಿಂತಲ್ಲೇ ಅದರ ಎಂಜಿನ್ನು ಗುಡುಗುಡು ಅನ್ನುತ್ತಿದ್ದರೆ ನಮ್ಮ ಅಡುಗೆಮನೆಯ ಮಾಡದಲ್ಲಿಟ್ಟ ತಾಟುಗಳು ನಡುಗಿದವು. ಹಟ್ಟಿಯ ಗಣಿಗೆ ಹಿಂದೆ ಯಾವಾಗಲೋ ಬಂದಿದ್ದ ಹೊರದೇಶದ ಎಂಜಿನಿಯರೊಬ್ಬರು ಊರು ಬಿಟ್ಟು ಹೋಗುವಾಗ ಸಾವ್ಕಾರರು ಅದನ್ನು ಕೊಂಡಿದ್ದರಂತೆ. ಮುದಗಲ್ಲಿನ ಕೋಟೆ ಬಾಗಿಲಲ್ಲಿ ಎದುರು ಬಂದ ಚಕ್ಕಡಿಯ ನೊಗ ಬಡಿದು ಮುಂದಿನ ಹೊಳೆಯುವ ಸಾಮಾನೆಲ್ಲ ಜಜ್ಜಿಹೋಗಿತ್ತು. ಮೂತಿಯ ನಡುವೆ ಇದ್ದ ಕುದುರೆಯ ಗುರುತು ಮುರಿದು ಎಲ್ಲೋ ಬಿದ್ದು ಕಳೆದಿತ್ತು. ಮಗಳ ಮದುವೆ ಹತ್ತಿರ ಬಂದಿತ್ತು, ಮದುಮಗಳನ್ನು ಅದೇ ಕಾರಿನಲ್ಲಿ ಕಳಿಸಬೇಕೆಂಬ ಹಟ ಅವರದು. ಎಂಜಿನ್ನು ನೋಡುವವರು ಬೇರೆ ಇದ್ದರು. ಹೊಳೆಯುವ ಸಾಮಾನಿಗೆ ಮಾತ್ರ ದೇವರ ಮುಖ ಮಾಡುವ ಕೈಯೇ ಬೇಕು ಎಂದು ಯಾರೋ ನಿಮ್ಮ ಹೆಸರು ಹೇಳಿದ್ದರು.

ನೀವು ಕಾರನ್ನು ಹಿಂದೆ ಮುಂದೆ ನೋಡುತ್ತ ಮುಂಚಕ್ರದ ಹತ್ತಿರ ಕೂತುಬಿಟ್ಟಿರಿ. ಅಲ್ಲಿ ಮೂರು ಅಂಕಿ, ಅದರ ಕೆಳಗೆ ಇಂಗ್ಲಿಷಿನ ವಿ ಅಕ್ಷರದಂಥ ಬೆಳ್ಳನೆಯ ಪಟ್ಟಿ ಇತ್ತು. ಎಂಜಿನ್ನಿನ ಬಲ ಹೇಳುವ ಗುರುತಂತೆ ಅದು. ಬೆರಳಲ್ಲಿ ತಡವಿ ನೀವು, "ಸಾವ್ಕಾರ್ರ, ನಾವು ಇಭೂತಿ ಮಂದಿ. ನಿಮ್ಮ ಗಾಡಿ ನೋಡಿದ್ರ ನಾಮ ಹಚ್ಕೊಂಡು ಬಂದೈತಲ್ರಿ" ಅಂದಿರಿ. ಡ್ರೈವರ್ ಕಾಸಿಮ್ ಸಾಬರು ಅಲ್ಲೇ ನಿಂತಿದ್ದವರು, "ಇದಕ್ಕ ಯಾವ ದೇವರೂ ಇಲ್ಲ ಮಾನಪ್ಪಣ್ಣ. ಪೆಟ್ರೋಲ್ ಯಾರು ಹಾಕ್ತಾರ ಅವರ ಕಡಿ" ಅಂದರು. ಸಾವ್ಕಾರರು ನಕ್ಕರು. ನೀವು ಕೆಲಸ ಒಪ್ಪಿಕೊಂಡದ್ದು ಆ ನಗುವಿನ ನಡುವೆಯೇ.

ಬಾಗಿಲುಗಳ ಕೆಳಗೆ ಉದ್ದಕ್ಕೂ ಹೋಗುವ ಪಟ್ಟಿಗಳನ್ನು ಬಿಚ್ಚಿ ನೀವು ಉಸುಕಿನ ಚೀಲದ ಮೇಲೆ ಮಲಗಿಸಿದ್ದು ಕಣ್ಣಿಗೆ ಕಟ್ಟಿದಂತಿದೆ. ಮರದ ಕೊಡತಿಯಿಂದ ಒಳಮೈಗೆ ಮೆಲ್ಲಗೆ ಬಡಿದು ತಗ್ಗು ಎತ್ತುತ್ತಿದ್ದಿರಿ, ಹೊರಮೈಗೆ ಒಂದು ಏಟೂ ಬೀಳುವಂತಿರಲಿಲ್ಲ. ಪಟ್ಟಿಯ ಇನ್ನೊಂದು ತುದಿ ಹಿಡಿಯಲು ಮಗನನ್ನು ಕರೆದಿರಿ. ಅವರು ಗಣಿಯಲ್ಲಿ ಕೆಲಸ ಕೇಳಿಕೊಂಡು ಬಂದಿದ್ದರು, ಈ ಹೊಗೆಯಲ್ಲಿ ಕೂರುವವನು ನಾನಲ್ಲ ಎಂದು ಹೇಳಿ ಹೊರಟೇಹೋದರು. ನೀವು ಅಡುಗೆಮನೆಯ ಕಡೆ ತಿರುಗಿ, "ಯವ್ವಾ ಶರಣವ್ವ, ಕೈ ತೊಳ್ಕೊಂಡು ಬಾ, ಈ ತುದಿ ಹಿಡಿ" ಅಂದಿರಿ. ಹಾಗೆ ನಾನು ಈ ಕೋಣೆಯೊಳಗೆ ಬಂದೆ. ಅವತ್ತು ನೀವು ಮಗನನ್ನು ಇನ್ನೊಂದು ಸಲ ಕೂಗಿದ್ದರೆ…

ಬಾನೆಟ್ಟಿನ ಅಂಚಿಗೆ ಅಕ್ಷರಗಳು ಬಿಡಿಬಿಡಿಯಾಗಿ ಕೂತಿದ್ದವು, ಒಂದೊಂದರ ಬೆನ್ನಿಗೂ ಸಣ್ಣ ಮೊಳೆಗಳು. ಕೆಲವು ಮುರಿದಿದ್ದವು. ನಾನು ಊರ ಶಾಲೆಯಲ್ಲಿ ಏಳನೆಯ ತರಗತಿ ಓದಿದವಳು, ಇಂಗ್ಲಿಷು ಅಷ್ಟಕ್ಕಷ್ಟೆ. ಬಿಚ್ಚಿದ ಅಕ್ಷರಗಳನ್ನು ತಾಟಿನಲ್ಲಿ ತಲೆಕೆಳಗಾಗಿ ಜೋಡಿಸಿಟ್ಟಿದ್ದೆ. ನೀವು ಬೈಯಲಿಲ್ಲ. ಓದಲು ಹೋಗಬೇಡ, ಇದರ ಹೊಟ್ಟೆ ಯಾವ ಕಡೆ ಇದೆ, ಬೆನ್ನು ಯಾವ ಕಡೆ ಇದೆ ನೋಡು, ದೇವರ ಮುಖವನ್ನೂ ಹಾಗೇ ನೋಡಬೇಕು ಎಂದಿರಿ. ಕಾರಿನ ಜೊತೆ ಬಂದ ಸಾಮಾನು ಸತುವಿನದು, ಒಳಗೊಳಗೇ ಗುಳ್ಳೆ ಎದ್ದು ಮೇಲಿನ ಹೊಳಪನ್ನು ಎತ್ತಿಬಿಟ್ಟಿತ್ತು. ನೀವು ಅದರ ಜಾಗಕ್ಕೆ ಹಿತ್ತಾಳೆಯಲ್ಲಿ ಮಾಡಿ, ನಿಕಲ್ ಲೇಪಕ್ಕೆ ರಾಯಚೂರಿಗೆ ಕಳಿಸಿದಿರಿ. ತಿರುಗಿ ಬಂದಾಗ ಯಾವುದು ಅಮೆರಿಕದ್ದು, ಯಾವುದು ಮಸ್ಕಿಯದು ಎಂದು ಕಣ್ಣಿಗೆ ತಿಳಿಯುತ್ತಿರಲಿಲ್ಲ, ಅಂಗೈಯಲ್ಲಿಟ್ಟು ತೂಗಿದರೆ ಮಾತ್ರ ತಿಳಿಯುತ್ತಿತ್ತು.

ಕುದುರೆಗೆ ಬರುತ್ತೇನೆ. ಆ ಕಾರಿನ ಹೊರಮೈಗೆ ಎಡಬಲ ಪಕ್ಕಕ್ಕೆ ಒಂದೊಂದು ಚಿಕ್ಕ ಕುದುರೆ ಇದ್ದವು. ಮೂತಿಯಲ್ಲಿ ಜೇನುಗೂಡಿನಂಥ ಜಾಲರಿಯ ನಡುವೆ, ಒಂದು ಚೌಕಟ್ಟಿನೊಳಗೆ, ದೊಡ್ಡದೊಂದು ಇದ್ದದ್ದು ಕಳೆದಿತ್ತು. ಪಕ್ಕದ ಎರಡೂ ಕುದುರೆ ಕಾರು ಹೋಗುವ ದಿಕ್ಕಿಗೇ ಓಡುತ್ತವೆ. ಹಾಗಾಗಿ ಕಾರಿನ ಒಂದು ಪಕ್ಕ ನಿಂತು ನೋಡಿದರೆ ಕುದುರೆ ನಮ್ಮ ಎಡಕ್ಕೆ, ಇನ್ನೊಂದು ಪಕ್ಕ ನಿಂತರೆ ನಮ್ಮ ಬಲಕ್ಕೆ ಓಡಿದಂತೆ ಕಾಣುತ್ತದೆ. ದೊಡ್ಡದಕ್ಕೆ ಮಾದರಿ ಬೇಕೆಂದು ನೀವು ಬಲಕ್ಕೆ ಓಡುವುದನ್ನು ಬಿಚ್ಚಿ ತಂದಿರಿ. ಯೋಚಿಸಿ ತಂದದ್ದಲ್ಲ, ಕೈ ತಾನಾಗಿ ಅದಕ್ಕೇ ಹೋಯಿತು. ಹೋಗದೆ ಇನ್ನೇನು? ಮೈಲಾರಲಿಂಗನ ಹರಕೆಗೆಂದು ಈ ಮನೆಯಲ್ಲಿ ಎಷ್ಟು ಕುದುರೆ ಎರಕವಾಗಿವೆಯೋ, ಎಲ್ಲಕ್ಕೂ ಬಲಕ್ಕೇ ಮುಖ. ನಿಮ್ಮ ಅಪ್ಪ ಹೇಳಿದ್ದು, ಅವರಿಗೆ ಅವರ ಅಪ್ಪ ಹೇಳಿದ್ದು. ದೇವರ ಕುದುರೆ ನೋಡುವವರ ಬಲಕ್ಕೆ ಹೋಗಬೇಕು, ಪ್ರದಕ್ಷಿಣೆಯ ದಿಕ್ಕು ಅದೇ, ಎಡಕ್ಕೆ ಹೋಗುವುದು ಮನೆತನಕ್ಕೆ ಒಳ್ಳೆಯದಲ್ಲ ಎನ್ನುತ್ತಿದ್ದಿರಿ. ಆ ಚಿಕ್ಕದನ್ನು ಎದುರಿಗಿಟ್ಟುಕೊಂಡು ಮೇಣದಲ್ಲಿ ದೊಡ್ಡದು ತಿದ್ದಿದಿರಿ. ನೆಲ ಮುಟ್ಟದ ಕಾಲು, ಗಾಳಿಗೆ ಎದ್ದ ಬಾಲ. ಬಾಲ ಮಾತ್ರ ನಮ್ಮ ಹರಕೆ ಕುದುರೆಯ ಬಾಲದ ಹಾಗೆ ಒಂಚೂರು ದಪ್ಪವಾಯಿತು. ಜಜ್ಜಿದ ಚೌಕಟ್ಟನ್ನೂ ನಿಮ್ಮ ಕುದುರೆಯ ಅಳತೆಗೇ ಹೊಸದಾಗಿ ಹೊಯ್ದಿರಿ.

ಸಾವ್ಕಾರರು ನೋಡಲು ಬಂದ ಮಧ್ಯಾಹ್ನ ನಾನು ಚಹಾ ತಂದಿಟ್ಟೆ. ಪಟ್ಟಿ ನೋಡಿ, ದೀಪದ ಸುತ್ತಲಿನ ಬಳೆ ನೋಡಿ, ಅಕ್ಷರಗಳ ಮೇಲೆ ಬೆರಳಾಡಿಸಿ ಖುಷಿಪಟ್ಟರು. ಮೂತಿಯ ಎದುರಿಗೆ ಬಂದವರು ಬಗ್ಗಿ ನೋಡಿದರು. ಕಿಸೆಯಿಂದ ಒಂದು ಹಳೆಯ ಫೋಟೋ ತೆಗೆದರು. ಕಾರು ಕೊಂಡ ದಿನ ತೆಗೆಸಿದ್ದು. ಇನ್ನೂ ಹುಡುಗನಂತಿದ್ದ ಸಾವ್ಕಾರರು ಬಾನೆಟ್ಟಿನ ಮೇಲೆ ಕೈಯಿಟ್ಟು ನಿಂತಿದ್ದರು, ಪಕ್ಕದ ಜಾಲರಿಯಲ್ಲಿ ಕುದುರೆ ಎಡಕ್ಕೆ ಓಡುತ್ತಿತ್ತು.

"ಮಾನಪ್ಪ, ನನ್ನ ಕುದುರಿ ಈ ಕಡಿ ಓಡ್ತಿತ್ತಲ್ಲೋ" ಅಂದರು.

"ಆ ಕಡಿ ಓಡಿದ್ದಕ್ಕ ಚಕ್ಕಡಿಗೆ ಬಡದೈತ್ರಿ" ಅಂದಿರಿ ನೀವು.

"ಚಾಷ್ಟಿ ಬ್ಯಾಡ. ಮದುವಿಗಿ ಇನ್ನಾ ಟೈಮ್ ಐತಿ, ತಿರುಗಿಸಿ ಮಾಡಿಕೊಡು."

"ಎಡಕ್ಕ ಓಡೋ ಕುದುರಿ ಈ ಕುಲುಮ್ಯಾಗ ಎರಕ ಆಗಂಗಿಲ್ಲ ಸಾವ್ಕಾರ್ರ. ನಾ ಇದ್ದಾಗೂ ಆಗಂಗಿಲ್ಲ, ನನ್ನ ಹಿಂದೂ ಆಗಂಗಿಲ್ಲ. ಹೆಣ್ಣುಮಗಳು ಕುಂತು ಹೋಗೋ ಗಾಡಿ ಇದು."

ಮಗಳ ಮಾತು ಬಂದ ಮೇಲೆ ಫೋಟೋ ಮತ್ತೆ ಕಿಸೆಗೆ ಹೋಯಿತು. ನಿಮ್ಮ ಕುದುರೆಯನ್ನೇ ಕೂರಿಸಿಕೊಂಡು ಹೋದರು, ಮಗಳು ಅದೇ ಕಾರಿನಲ್ಲಿ ಕೂತು ಗಂಡನ ಮನೆ ಸೇರಿದಳು. ನನ್ನ ಹಿಂದೂ ಆಗಂಗಿಲ್ಲ ಎಂದದ್ದು ಮಾತ್ರ ಈ ಕೋಣೆಯಲ್ಲಿ ಉಳಿಯಿತು. ನಾನು ಕೇಳಿಸಿಕೊಂಡಿದ್ದೆ. ಒಳಗಿದ್ದ ನಿಮ್ಮ ಮಗನೂ ಕೇಳಿಸಿಕೊಂಡಿದ್ದರು.

ಲಿಂಗಸುಗೂರಿನ ಸಂತೆಗೆ ಹೋಗಿ ಬಂದಾಗಲೆಲ್ಲ ನೀವು ಕೈಚೀಲ ನೋಡುವ ಮುಂಚೆ ಕಾರು ಕಂಡಿತೇನು ಎಂದು ಕೇಳುತ್ತಿದ್ದಿರಿ. ಕಂಡಿತು, ಕುದುರೆ ಹೊಳೆಯುತ್ತಿತ್ತು ಎಂದರೆ ಅವತ್ತು ಒಂದು ರೊಟ್ಟಿ ಹೆಚ್ಚು ಉಣ್ಣುತ್ತಿದ್ದಿರಿ. ಆಮೇಲೆ ಲಕ್ವಾ ಹೊಡೆದು ನಿಮ್ಮ ಬಲಗೈ ಬಿದ್ದುಹೋಯಿತು. ಸಿಂಧನೂರಿನ ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಇದೇ ಬಾಗಿಲಲ್ಲಿ ಒರಗಿ ಕೂತು, ದೇವರ ಕಣ್ಣು ತಿದ್ದುವುದನ್ನು ಎಡಗೈಯಲ್ಲೇ ನನಗೆ ತೋರಿಸಿದಿರಿ. ಗೆರೆ ಸೊಟ್ಟಾದರೆ ಅಳಿಸಿ ಮತ್ತೆ ತಿದ್ದುತ್ತಿದ್ದಿರಿ. ಆಗ ನೀವು ಒಂದು ದಿನವೂ ಎಡ ಕೆಟ್ಟದ್ದು ಅನ್ನಲಿಲ್ಲ ಮಾವಾರ. ನಾನು ತಿದ್ದಿದ ಮೊದಲ ಮುಖವನ್ನು ಮಡಿಲಲ್ಲಿಟ್ಟುಕೊಂಡು ಬಹಳ ಹೊತ್ತು ಕೂತಿದ್ದಿರಿ. ಚೆನ್ನಾಗಿದೆ ಎಂದೂ ಅನ್ನಲಿಲ್ಲ, ಅಳಿಸು ಎಂದೂ ಅನ್ನಲಿಲ್ಲ.

ಶಾಂತಕ್ಕ ನಮ್ಮ ಮನೆಗೆ ಬಂದದ್ದು ಈ ಶ್ರಾವಣ ಹಿಡಿಯುವ ಮುಂಚೆ. ಅವತ್ತಿನ ಆ ಮದುಮಗಳೇ ಇವರು, ಈಗ ನನ್ನ ಹಾಗೆ ಕೂದಲು ಬೆಳ್ಳಗಾಗಿದೆ. ಸಾವ್ಕಾರರು ಹೋದ ವರ್ಷ ತೀರಿಕೊಂಡರು, ಇದು ನಿಮಗೆ ಗೊತ್ತಿರಲಾರದು, ಅಥವಾ ಅಲ್ಲೇ ಭೇಟಿಯಾಗಿದ್ದೀರೋ ಏನೋ. ಅವರ ವರ್ಷದ ಪೂಜೆ ಹತ್ತಿರ ಬಂದಿದೆ. ಶಾಂತಕ್ಕ ಆ ಹಳೆಯ ಫೋಟೋ ತಂದಿದ್ದರು. ಹೊರದೇಶದಿಂದ ತರಿಸಿದ ಹೊಸ ಕುದುರೆಯೊಂದನ್ನೂ ತಂದಿದ್ದರು. ಎಡಕ್ಕೆ ಓಡುವುದು, ಕನ್ನಡಿಯಂತೆ ಹೊಳೆಯುವುದು. ಆದರೆ ಚೌಕಟ್ಟು ನಿಮ್ಮ ಕುದುರೆಯ ಅಳತೆಯದು, ಆ ಹೊಸದರ ಮೊಳೆ ಒಂದೂ ಅದಕ್ಕೆ ಕೂರುವುದಿಲ್ಲ. ಚೌಕಟ್ಟನ್ನೇ ಕಿತ್ತು ಎಲ್ಲ ಹೊಸದು ಹಾಕೋಣ ಎಂದರೆ ಕಾಸಿಮ್ ಸಾಬರು ಬಿಡುತ್ತಿಲ್ಲವಂತೆ, ಶಾಂತಕ್ಕನಿಗೂ ಮನಸ್ಸಿಲ್ಲವಂತೆ.

"ಅಪ್ಪ ಕಡಿತನಾ ಈ ಫೋಟೋ ತಲದಿಂಬಿನ ಬುಡಕ ಇಟ್ಕೊಂಡಿದ್ದ" ಅಂದರು ಶಾಂತಕ್ಕ. "ನನ್ನ ಸಲುವಾಗಿ ಅವತ್ತ ಸುಮ್ನಾದ. ಒಮ್ಮೆರ ಅಂವ ತಂದಂಗ ಆ ಗಾಡಿ ನಿಲ್ಲಿಸಬೇಕು ಅಂತ ನನ್ನ ಆಸಿ ಶರಣಕ್ಕ. ನಿಮ್ಮ ಮಾವನ ಚೌಕಟ್ಟು ಇರ್ಲಿ. ಕುದುರಿ ಅಷ್ಟ ತಿರುಗಿಸಿ ಮಾಡಿಕೊಡ್ರಿ."

ಕೇಳಿ ಹೇಳುತ್ತೇನೆ ಎಂದೆ. ಯಾರನ್ನು ಕೇಳುತ್ತೀರಿ ಎಂದು ಅವರು ಕೇಳಲಿಲ್ಲ.

ನಿಮ್ಮ ಮಗನಿಗೆ ಈ ಮಾತು ಹೇಳಿದಾಗ ಅವರು ಉಣ್ಣುತ್ತಿದ್ದರು. ಎತ್ತಿದ ತುತ್ತು ತಾಟಿಗೆ ಇಟ್ಟರು.

"ಗಂಟಿ ಮಾಡು, ಸಮೆ ಮಾಡು, ನಾ ಏನರ ಅಂದೀನೇನು? ಇದೊಂದು ಬ್ಯಾಡ."

"ಅಕಿ ಮನಿತನಾ ಬಂದು ಕೇಳ್ಯಾಳ."

"ಕೇಳ್ಲಿ. ಅಪ್ಪ ಇದ್ದಾಗ ಅವನ ಒಂದು ಮಾತೂ ನಾ ಕೇಳಲಿಲ್ಲ. ಇದೊಂದು ಉಳದೈತಿ ಕೇಳಾಕ. ಇದನ್ನೂ ಮೀರು ಅಂತೀಯೇನು?"

ಮೂಸೆ ಎತ್ತಲು ಇಬ್ಬರು ಬೇಕು. ಇಕ್ಕಳದ ಇನ್ನೊಂದು ಹಿಡಿಯನ್ನು ರಜೆಯ ದಿನ ಅವರೇ ಹಿಡಿಯುವುದು, ಎರಕ ಮುಗಿದೊಡನೆ ಕೈ ಕೊಡವಿಕೊಂಡು ಹೊರಗೆ ಹೋಗುವುದು. ಅವರು ಹಿಡಿಯದಿದ್ದರೆ ಓಣಿಯಲ್ಲಿ ಬೇರೆ ಯಾರನ್ನಾದರೂ ಕರೆಯಬಹುದು. ಆದರೆ ಹಾಗೆ ಮಾಡಿಸಿದ ಮೇಲೆ ಅವರ ತಾಟಿಗೆ ರೊಟ್ಟಿ ಹೇಗೆ ಹಾಕಲಿ? ನಿಮ್ಮ ಎಲ್ಲ ಮಾತು ಕೇಳಿದವಳು ನಾನು, ಒಂದನ್ನೂ ಕೇಳದವರು ಅವರು. ಇಬ್ಬರೂ ಈಗ ನಿಮ್ಮ ಒಂದೇ ಮಾತಿನ ಎದುರು ಕೈಕಟ್ಟಿ ನಿಂತೆವು.

ಕಾರು ನೋಡಿಯಾದರೂ ಬರೋಣ ಎಂದು ಲಿಂಗಸುಗೂರಿಗೆ ಹೋದೆ. ಕಾಸಿಮ್ ಸಾಬರು ಕಾರಿನ ಪಕ್ಕ ಕುರ್ಚಿ ಹಾಕಿಕೊಂಡು ಕೂತಿದ್ದರು. ಓಡಿಸಲು ಕಣ್ಣು ಸಾಲದು, ಒರೆಸಲು ಸಾಲುತ್ತದೆ. ಪಟ್ಟಿಗಳು ಇನ್ನೂ ನೆಟ್ಟಗಿವೆ. ಅಕ್ಷರಗಳಲ್ಲಿ ಒಂದೂ ಅಲ್ಲಾಡುವುದಿಲ್ಲ. ನಿಮ್ಮ ನಿಕಲ್ಲು ಒಂದೆರಡು ಕಡೆ ತೆಳುವಾಗಿ ಹಿತ್ತಾಳೆಯ ಹಳದಿ ಇಣುಕುತ್ತಿದೆ, ಅಷ್ಟೆ. ನಾನು ಕುದುರೆಯ ಮುಂದೆ ನಿಂತಿದ್ದಾಗ ಅವರು, "ನಿಮ್ಮ ಮಾವ ಈ ಗಾಡಿಗೆ ಕುದುರಿ ಕೊಡಲಿಲ್ಲವ್ವ, ಹರಕಿ ಕೊಟ್ಟಾನ" ಅಂದರು. ಇಷ್ಟು ವರ್ಷದಲ್ಲಿ ಕಾರು ಎಲ್ಲಿಯೂ ಬಡಿದಿಲ್ಲವಲ್ಲ ಎಂದೆ ನಾನು. "ಊರ ಮಂದಿನೂ ಕುದುರಿ ಪುಣ್ಯಾ ಅಂತಾರ. ಸಮಾಳಿಸಿ ಹೊಡದಾಂವ ನಾ, ನನಗ ಯಾರೂ ಶಾಬಾಷ್ ಅನ್ನಲಿಲ್ಲ" ಅಂದರು. ನಕ್ಕೆ. ಬಸ್ಸಿನಲ್ಲಿ ಬರುವಾಗ ನಗು ಉಳಿಯಲಿಲ್ಲ. ಶಾಂತಕ್ಕನಿಗೆ ಆಗುವುದಿಲ್ಲ ಎಂದು ಹೇಳಿಬಿಡುವುದೇ ಸರಿ ಅನಿಸಿತು. ತೀರಿಹೋದ ಅಪ್ಪನಿಗಾಗಿ ಅವರು ಒಂದು ಕೇಳಿದ್ದಾರೆ, ತೀರಿಹೋದ ಅಪ್ಪನಿಗಾಗಿಯೇ ನಿಮ್ಮ ಮಗ ಬೇಡ ಅನ್ನುತ್ತಿದ್ದಾರೆ. ಯಾರ ಕಡೆ ನಿಲ್ಲಲಿ?

ಈ ಶ್ರಾವಣದ ಮೊದಲ ಸೋಮವಾರ ಗುಡ್ಡ ಹತ್ತಿ ಮಲ್ಲಯ್ಯನ ಗುಡಿಗೆ ಹೋಗಿದ್ದೆ. ಬಾಗಿಲ ಎದುರು ನಿಂತು ಕೈಮುಗಿದೆ, ನೀನೇ ದಾರಿ ತೋರಿಸಪ್ಪ ಎಂದೆ, ಹೊರಸುತ್ತಿಗೆ ಹೆಜ್ಜೆ ಎತ್ತಿದೆ. ಹೆಜ್ಜೆ ಎಡಕ್ಕೆ ಹೋಯಿತು.

ಅಲ್ಲೇ ನಿಂತುಬಿಟ್ಟೆ. ಹಿಂದೆ ಬರುತ್ತಿದ್ದ ಮುದುಕಿಯೊಬ್ಬಳು ನನ್ನ ಬೆನ್ನಿಗೆ ಬಡಿದು, "ಏನವ್ವಾ, ದೇವರ ಹಾದ್ಯಾಗ ಬಸ್ಸು ಕಾಯಾಕತ್ತೀಯೇನು?" ಅಂದಳು. ಬದಿಗೆ ಸರಿದು, ಕಟ್ಟೆಯ ಮೇಲೆ ಕೂತು, ಬರುವವರನ್ನೆಲ್ಲ ನೋಡಿದೆ. ಒಬ್ಬೊಬ್ಬರೂ ದೇವರಿಗೆ ಎದುರಾಗಿ ನಿಂತು ಕೈಮುಗಿಯುತ್ತಾರೆ, ಎಡಕ್ಕೆ ಹೊರಳಿ ನಡೆಯುತ್ತಾರೆ. ಆಗಲೇ ಗುಡಿಯ ಗೋಡೆ ಅವರ ಬಲಗೈಗೆ ಬರುತ್ತದೆ. ದೇವರನ್ನು ಬಲಗೈಗೆ ಇಟ್ಟುಕೊಂಡು ಸುತ್ತಬೇಕೆಂದರೆ ಎದುರು ನಿಂತವರ ಮೊದಲ ಹೆಜ್ಜೆ ಎಡಕ್ಕೇ ಬೀಳಬೇಕು, ಬೇರೆ ದಾರಿಯೇ ಇಲ್ಲ. ಹುಟ್ಟಿದಾಗಿನಿಂದ ಸುತ್ತಿದ್ದೇನೆ, ಒಂದು ದಿನ ಕಾಲಿನ ಕಡೆ ನೋಡಿರಲಿಲ್ಲ. ಆ ಕಾರಿನ ಎದುರು ನಿಂತು ನೋಡಿದರೂ ಅಷ್ಟೇ ಅಲ್ಲವೇ ಮಾವಾರ? ನಮ್ಮ ಎಡಕ್ಕೆ ಓಡುವ ಕುದುರೆಗೆ ಕಾರು ಬಲಗಡೆ ಇರುತ್ತದೆ. ಅದು ಕಾರಿಗೆ ಪ್ರದಕ್ಷಿಣೆ ಹೊರಟ ಕುದುರೆ. ಹಾಗಿದ್ದರೆ ನೀವು ಕೂರಿಸಿದ್ದು ಇಷ್ಟು ವರ್ಷ ಉಲ್ಟಾ ದಿಕ್ಕಿಗೆ…

ಮೊದಲು ಸಂತೋಷವಾಯಿತು, ಸುಳ್ಳು ಹೇಳುವುದಿಲ್ಲ. ಆಮೇಲೆ ನಿಮ್ಮ ನೆನಪಾಯಿತು. ಅದೇ ಗುಡಿಯನ್ನು ಸೋಮವಾರ ತಪ್ಪಿಸದೆ ಸುತ್ತಿದವರು ನೀವು. ನಿಮ್ಮ ಪಾದಕ್ಕೆ ಗೊತ್ತಿದ್ದದ್ದನ್ನು ಕೈಗೆ ಯಾರೂ ಹೇಳಿರಲಿಲ್ಲ. ಮತ್ತೆ ಇನ್ನೊಂದು ಯೋಚನೆ ಬಂತು. ಆ ಕಾರಿನಲ್ಲಿ ಕೂತು ಹೋದ ಶಾಂತಕ್ಕ ಚೆನ್ನಾಗಿ ಬಾಳಿದರು. ಹರಕೆ ಕುದುರೆ ಒಯ್ದವರ ಮನೆಗಳೂ ಚೆನ್ನಾಗಿವೆ. ದಿಕ್ಕು ಹೆಚ್ಚುಕಡಿಮೆ ಆಯಿತೆಂದು ಮಲ್ಲಯ್ಯ ಯಾರ ಮೇಲೂ ಮುನಿಸಿಕೊಳ್ಳಲಿಲ್ಲ. ನೀವು ಭಕ್ತಿಯಿಂದ ಮಾಡಿದಿರಿ, ಅವನು ಭಕ್ತಿಯನ್ನು ತೆಗೆದುಕೊಂಡ, ಉಳಿದದ್ದನ್ನು ನಮಗೆ ಬಿಟ್ಟ. ನನಗೆ ತಿಳಿದದ್ದು ಇಷ್ಟೇ.

ನಿಮ್ಮ ಮಗನಿಗೆ ಬಾಯಿಂದ ಹೇಳಲಿಲ್ಲ. ಹೇಳಿದ್ದರೆ ಕಾರಿಗಾಗಿ ದೇವರನ್ನು ಎಳೆದು ತಂದಳು ಎನ್ನುತ್ತಿದ್ದರು. ರಜೆಯ ದಿನ ಗುಡಿಗೆ ಬರ್ರಿ ಎಂದು ಕರೆದುಕೊಂಡು ಹೋದೆ. ಅವರು ಕೈಮುಗಿದು ಹೆಜ್ಜೆ ಎತ್ತಿ ಇಟ್ಟ ಮೇಲೆ, "ನಿಮ್ಮ ಕಾಲು ಯಾ ಕಡಿ ಹೋತು ನೋಡ್ರಿ" ಅಂದೆ. ಕಾಲು ನೋಡಿದರು. ನನ್ನ ಮುಖ ನೋಡಿದರು. ಬಾಗಿಲ ಕಡೆ ತಿರುಗಿ, ಮತ್ತೆ ಎದುರು ನಿಂತು, ಮತ್ತೆ ಹೆಜ್ಜೆ ಇಟ್ಟರು. ಆಮೇಲೆ ಒಬ್ಬರೇ ಪೂರ್ತಿ ಸುತ್ತಿ ಬಂದರು, ಗೋಡೆಗೆ ಬಲಗೈ ತಾಗಿಸಿಕೊಂಡೇ. ಕಟ್ಟೆಯ ಮೇಲೆ ನನ್ನ ಪಕ್ಕ ಬಂದು ಕೂತರು.

"ಅಪ್ಪಗ ಇದು ತಿಳಿದಿತ್ತೇನು?" ಅಂದರು.

"ತಿಳಿದಿದ್ರ ಅವತ್ತ ಮಾಡಿಕೊಡ್ತಿದ್ರು."

"ತಿಳೀಲಿಲ್ಲ ಅಂತ ಅವಗ ಯಾರು ಹೇಳೋರು ಈಗ?"

ನಾನು ಹೇಳುತ್ತೇನೆ ಎಂದೆ. ಅದಕ್ಕೇ ಮಾವಾರ ಈ ಪತ್ರ. ನಿಮ್ಮನ್ನು ತಪ್ಪು ಎನ್ನಲು ಬರೆದದ್ದಲ್ಲ. ನೀವು ಇದ್ದಿದ್ದರೆ ನಿಮ್ಮನ್ನೇ ಕೈಹಿಡಿದು ಆ ಬಾಗಿಲ ಮುಂದೆ ನಿಲ್ಲಿಸುತ್ತಿದ್ದೆ. ನೀವು ನಿಮ್ಮ ಕಾಲು ನೋಡಿಕೊಂಡು ಏನು ಅನ್ನುತ್ತಿದ್ದಿರಿ? ನನ್ನನ್ನು ಬೈಯುತ್ತಿದ್ದಿರಾ? ನಗುತ್ತಿದ್ದಿರಾ? ಅದೊಂದು ಮಾತ್ರ ನನಗೆ ಎಷ್ಟು ಯೋಚಿಸಿದರೂ…

ಮರುದಿನ ಸಂಜೆ ನಾನು ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದಾಗ ಕುಲುಮೆಯ ಕಡೆಯಿಂದ ಜರಡಿಯ ಸದ್ದು ಕೇಳಿಸಿತು. ಎದ್ದು ಹೋಗಿ ನೋಡಿದರೆ ನಿಮ್ಮ ಮಗ. ಲುಂಗಿ ಎತ್ತಿ ಕಟ್ಟಿಕೊಂಡು ಎರಕದ ಅಚ್ಚಿಗೆ ಹುತ್ತದ ಮಣ್ಣು ಜರಡಿ ಹಿಡಿಯುತ್ತಿದ್ದರು. ಈ ಮನೆಗೆ ಬಂದ ಮೇಲೆ ಅವರ ಕೈಯಲ್ಲಿ ಮಣ್ಣು ನಾನು ನೋಡಿದ್ದೇ ಇಲ್ಲ ಮಾವಾರ. ಸಿಂಧನೂರಿನ ಹತ್ತಿರದ ಆರ್.ಎಚ್. ಕ್ಯಾಂಪಿನಿಂದ ತರಿಸಿಟ್ಟ ಭತ್ತದ ಹೊಟ್ಟಿನ ಚೀಲ ಪಕ್ಕದಲ್ಲಿ ಬಿಚ್ಚಿತ್ತು. ತಲೆ ಎತ್ತದೆ, "ಹೊಟ್ಟು ಎಷ್ಟು ಹಾಕಲಿ?" ಅಂದರು. ಹೇಳಿದೆ. ನೀರು ಜಾಸ್ತಿ ಸುರಿದುಕೊಂಡರು, ಮಣ್ಣು ಅಂಬಲಿಯಾಯಿತು. ತಾವೇ ಇನ್ನಷ್ಟು ಹೊಟ್ಟು ಬೆರೆಸಿ ನಾದಿ ಹದಕ್ಕೆ ತಂದರು. ಸಣ್ಣವರಿದ್ದಾಗ ನೀವು ಕಲಿಸಿದ್ದು ಕೈಯಲ್ಲಿ ಎಲ್ಲೋ ಉಳಿದಿತ್ತು, ಇಲ್ಲದಿದ್ದರೆ ಹದ ಹೇಗೆ ತಿಳಿಯಬೇಕು? ನಿಮಗೆ ಹೇಳಲೇಬೇಕಾದ ಸುದ್ದಿ ಇದು. ಕುದುರೆಯ ಸುದ್ದಿಗಿಂತ ಇದು ದೊಡ್ಡದು.

ಹೋದ ವಾರವೆಲ್ಲ ಮೇಣದ ಕುದುರೆ ತಿದ್ದಿದೆ. ತಿರುಗಿಸಿ ಮಾಡು ಎಂದು ಹೇಳುವುದು ಸುಲಭ. ನನ್ನ ಕೈಗೆ ತಲೆ ಬಲಕ್ಕಿದ್ದು ರೂಢಿ, ಕತ್ತು ಎತ್ತುವಾಗಲೆಲ್ಲ ಮೇಣ ಹಳೆಯ ಕಡೆಗೇ ಎಳೆಯುತ್ತಿತ್ತು. ಕೆಡಿಸಿದೆ, ಮತ್ತೆ ಕೂತೆ. ಬಾಲವನ್ನು ಫೋಟೋದಲ್ಲಿದ್ದ ಹಾಗೆ ತೆಳ್ಳಗೆ ಎಳೆದೆ. ಇದು ನಮ್ಮ ಹರಕೆಯ ಕುದುರೆಯಲ್ಲ, ಸಾವ್ಕಾರರ ಕುದುರೆ, ಅದರ ಪಾಡಿಗೆ ಅದು ಓಡಲಿ. ನಿಮ್ಮದನ್ನು ಬಿಚ್ಚಿದ ಮೇಲೆ ಕರಗಿಸಲು ಬಿಡುವುದಿಲ್ಲ, ಅದು ನನ್ನ ಮಾತು. ಬಿಚ್ಚಿದರೆ ತಮಗೆ ಬೇಕು ಎಂದು ಕಾಸಿಮ್ ಸಾಬರು ಆಗಲೇ ಹೇಳಿಟ್ಟಿದ್ದಾರೆ, ಶಾಂತಕ್ಕ ದೇವರ ಕೋಣೆಗೆ ಬೇಕು ಎನ್ನುತ್ತಾರೆ. ಅವರವರೇ ಬಗೆಹರಿಸಿಕೊಳ್ಳಲಿ. ಹರಕೆಯ ಕುದುರೆಗಳನ್ನು ಇನ್ನು ಮುಂದೆ ಯಾವ ಕಡೆಗೆ ಮಾಡಬೇಕು ಎಂಬುದು ನನಗೆ ಇನ್ನೂ ತಿಳಿದಿಲ್ಲ. ಅದಕ್ಕೆ ಅವಸರವಿಲ್ಲ, ಕೇಳುತ್ತೇನೆ, ನೋಡುತ್ತೇನೆ.

ಮೇಣದ ಕುದುರೆ ಈಗ ತಣ್ಣೀರಿನ ಬೋಗುಣಿಯಲ್ಲಿದೆ. ಒಂದು ಸಲ ಅದನ್ನು ಲಿಂಗಸುಗೂರಿಗೆ ಒಯ್ದು ನಿಮ್ಮ ಚೌಕಟ್ಟಿನೊಳಗೆ ಹಿಡಿದು ನೋಡಬೇಕು. ಶಾಂತಕ್ಕ ಫೋಟೋದ ಪಕ್ಕ ಇಟ್ಟು ನೋಡಿ ಹೂಂ ಎಂದ ಮೇಲೆ ಮಣ್ಣು ಮೆತ್ತಿ, ಒಳಗಿನ ಮೇಣ ಕರಗಿಸಿ ಅಚ್ಚು ಮಾಡುತ್ತೇನೆ. ಮುಂದಿನ ರಜೆಯ ದಿನ ಮೂಸೆ ಎತ್ತುತ್ತೇವೆ, ಇಕ್ಕಳದ ಒಂದು ಹಿಡಿ ನನ್ನದು, ಒಂದು ಹಿಡಿ ನಿಮ್ಮ ಮಗನದು. ಬೇಡ ಎಂದು ನೀವು ಹೇಳಿದ್ದನ್ನು ನಾವಿಬ್ಬರೂ ಕೂಡಿಯೇ ಮೀರುತ್ತಿದ್ದೇವೆ. ಆಶೀರ್ವಾದ ಮಾಡಿ.

ಪೂಜೆ ಮುಗಿದೊಡನೆ ಶಾಂತಕ್ಕನಿಗೆ ಫೋನು ಮಾಡಿದ್ದೆ. ಕೇಳಿ ಹೇಳುತ್ತೇನೆ ಅಂದಿದ್ದಿರಲ್ಲ, ಏನು ಉತ್ತರ, ಫೋನಿನಲ್ಲೇ ಹೇಳಿಬಿಡಿ ಎಂದರು. ಅವರ ದನಿಯಲ್ಲಿ ಹೆದರಿಕೆ ಇತ್ತು. ಫೋನಿನಲ್ಲಿ ಹೇಳಲು ಬರುವಂಥದಲ್ಲ, ಬಸ್ಸಿನಲ್ಲಿ ಕಳಿಸಲೂ ಬರುವುದಿಲ್ಲ ಎಂದೆ. ಅವರಿಗೆ ಅರ್ಥವಾಗಲಿಲ್ಲ. ಆಗ ಹೇಳಿದೆ:

"ಬಿಸಿಲೇರೋದ್ರಾಗ ಯಾರನ್ನರ ಕಳಸ್ರಿ ಶಾಂತಕ್ಕ. ನನ್ನ ಉತ್ತರ ಮೇಣದ್ದೈತಿ. ಮಡಲಾಗ ಇಟ್ಕೊಂಡು ಒಯ್ಯಬೇಕು."